ನಮ್ಮ ಚಿಕ್ಕಪ್ಪನ ಸೀಟಿ

ಸೂರ್ಯ ದಿನಾ ಸರಿಯಾದ ಹೊತ್ತಿಗೆ ಹುಟ್ಟುವುದು ಯಾಕೆ, ಗೊತ್ತೇ? ವಿಜ್ಞಾನದ ಮೇಷ್ಟ್ರು ಏನಾದರೂ ಹೇಳಿಕೊಳ್ಳಲಿ. ನಮ್ಮ ರಾಯದುರ್ಗದ ಮಟ್ಟಿಗೆ ಅವನು ಹುಟ್ಟುವುದು ನಮ್ಮ ಚಿಕ್ಕಪ್ಪನಿಗೆ ಹೆದರಿ! ಒಂದು ದಿನ ಎರಡು ನಿಮಿಷ ತಡವಾಗಿ ಬಂದು ನೋಡಲಿ. ಅವನು ಬೆಟ್ಟದ ಹಿಂದಿನಿಂದ ತಲೆ ಎತ್ತುವಷ್ಟರಲ್ಲಿ ಚಿಕ್ಕಪ್ಪ ಮಾಳಿಗೆಯ ಮೇಲೆ ನಿಂತು, "ಏನ್ರೀ, ಇದೇನು ನಿಮ್ಮ ಮಾವನ ಮನಿ ಅಂದ್ಕಂಡೀರೇನು, ಮನಸಿಗೆ ಬಂದಾಗ ಬರಾಕ?" ಎಂದು ಕೇಳದಿದ್ದರೆ ನನ್ನ ಹೆಸರು ಬದಲಾಯಿಸಿ ಕರೆಯಿರಿ.

ಇದನ್ನು ಅಭಿಮಾನಕ್ಕೆ ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಸಿಟ್ಟಿಗೆ ಹೇಳುತ್ತಿದ್ದೇನೆ. ನಮ್ಮ ಮನೆತನದಲ್ಲಿ ಹೊಲ ಪಾಲಾಯಿತು, ಕುರಿ ಪಾಲಾದವು, ತಾತನ ಕಂಬಳಿ ಕೂಡ ಎರಡು ತುಂಡಾಯಿತು. ಸಿಟ್ಟು ಮಾತ್ರ ಯಾರಿಗೂ ಪಾಲಾಗದೆ ಎಲ್ಲರಿಗೂ ಇಡಿಯಾಗಿ ಬಂದಿದೆ. ನಮ್ಮಪ್ಪನಿಗೂ ಇದೆ, ಅವನ ತಮ್ಮ ಈ ಚಿಕ್ಕಪ್ಪನಿಗೂ ಇದೆ, ನನಗಂತೂ ಕೇಳಲೇಬೇಡಿ. ನಾನು ಪಾಠ ಹೇಳುವ ಶಾಲೆಯಲ್ಲಿ ಮಕ್ಕಳು ನನ್ನ ಮುಖ ನೋಡಿಯೇ ಅವತ್ತು ಮಗ್ಗಿ ಒಪ್ಪಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತವೆ.

ಚಿಕ್ಕಪ್ಪ ಮೊದಲು ಬಸ್ ಕಂಡಕ್ಟರ್ ಆಗಿದ್ದ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆದ. ಕಂಟ್ರೋಲರ್ ಎಂದರೆ ಗೂಡಿನಂಥ ಕೋಣೆಯಲ್ಲಿ ಮೈಕು ಹಿಡಿದು ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೂಗಿ ಹೇಳುವವನು. ರಿಟೈರ್ ಆದ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಖಾರ ಮಂಡಕ್ಕಿ ಕೊಟ್ಟು ಕಳಿಸಿದರು. ಆದರೆ ಅವನ ಕೊರಳಲ್ಲಿದ್ದ ಹಿತ್ತಾಳೆಯ ಸೀಟಿಯನ್ನು ಬಿಚ್ಚಿಸಿಕೊಳ್ಳುವುದನ್ನು ಮರೆತರು. ಆ ಮರೆವಿನ ಫಲವನ್ನು ಈಗ ನಾವು ಉಣ್ಣುತ್ತಿದ್ದೇವೆ.

ಸೀಟಿಯ ಭಾಷೆ ಬಸ್ಸಿನಲ್ಲಿ ಓಡಾಡಿದ ಎಲ್ಲರಿಗೂ ಗೊತ್ತು. ಒಂದು ಸೀಟಿ ಹೊಡೆದರೆ ನಿಲ್ಲು. ಎರಡು ಹೊಡೆದರೆ ರೈಟ್ ರೈಟ್, ಹೊರಡು. ಅಷ್ಟೇ. ಈ ಎರಡೇ ಮಾತಿನಲ್ಲಿ ಇಡೀ ಸಂಸಾರ ನಡೆಸಬಹುದು ಎಂದು ಕಂಡುಹಿಡಿದವನು ನಮ್ಮ ಚಿಕ್ಕಪ್ಪ. ಊಟಕ್ಕೆ ಕೂತು ಎರಡು ಸೀಟಿ ಹೊಡೆದರೆ ಚಿಕ್ಕಮ್ಮ ರೊಟ್ಟಿ ಹಾಕಬೇಕು. ಒಂದು ಹೊಡೆದರೆ ಸಾಕು ಎಂದರ್ಥ. ಒಮ್ಮೆ ಚಿಕ್ಕಮ್ಮ ರೇಗಿ, "ಯಾಕ, ಸಾಕು ಅನ್ನಾಕ ಬಾಯಿಲ್ಲೇನು ನಿನಗ?" ಎಂದಳು. ಚಿಕ್ಕಪ್ಪ ಬಾಯಲ್ಲಿನ ತುತ್ತು ನಿಧಾನವಾಗಿ ನುಂಗಿ, "ಬಾಯಾಗ ರೊಟ್ಟಿ ಐತೆ" ಎಂದ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಸೀಟಿ ಊದುವುದು ಹೇಗೆ ಎಂದು ಯಾರಾದರೂ ನನಗೆ ವಿವರಿಸಿದರೆ ಅವರಿಗೆ ದೊಡ್ಡ ನಮಸ್ಕಾರ.

ನನ್ನ ಮದುವೆಯ ಊಟದಲ್ಲಿ ಪಂಕ್ತಿ ನೋಡಿಕೊಳ್ಳಲು ಅವನನ್ನೇ ಬಿಟ್ಟಿದ್ದರು. ಬಡಿಸುವ ಹುಡುಗರು ಎರಡು ಸೀಟಿಗೆ ಹೊರಟರು, ಒಂದು ಸೀಟಿಗೆ ನಿಂತರು. ಹೇಗೆ ನಿಂತರು ಎಂದರೆ, ನನ್ನ ಮಾವನವರ ಎಲೆಯ ಮೇಲೆ ಹೋಳಿಗೆ ಅರ್ಧ ಇಳಿದಿತ್ತು, ಅರ್ಧ ತಟ್ಟೆಯಲ್ಲೇ ಉಳಿದಿತ್ತು! ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಇವತ್ತಿಗೂ ನಮ್ಮ ಮಾವ ನಮ್ಮ ಮನೆಗೆ ಬಂದರೆ ಮೊದಲು ಕೇಳುವ ಮಾತು, "ನಿಮ್ಮ ಚಿಕ್ಕಪ್ಪಾರು ಇಲ್ಲ ಅಲ್ಲೇನ್ರಿ?" ಎಂದು.

ಕಂಡಕ್ಟರ್ ಆಗಿದ್ದಾಗಿನ ಕತೆ ಇನ್ನೂ ಚಂದ. ಒಂದು ಮದುವೆಯ ದಿಬ್ಬಣ ಇವನ ಬಸ್ಸಿನಲ್ಲಿ ಹೊರಟಿತ್ತು. ದಾರಿಯಲ್ಲಿ ಬಸ್ಸು ನಿಂತಾಗ ಮದುಮಗ ಬೇಲಿಯ ಮರೆಗೆ ಹೋಗಿ ಬರುತ್ತೇನೆಂದು ಇಳಿದ. "ಎರಡು ನಿಮಿಷ ಅಣ್ಣಾ" ಎಂದು ಬೇಡಿಯೂ ಹೋದ. ಚಿಕ್ಕಪ್ಪ ಗಡಿಯಾರ ನೋಡಿದ, ಎರಡು ಸೀಟಿ ಹೊಡೆದ, ಬಸ್ಸು ಹೊರಟಿತು. ಮದುಮಗ ಬಾಸಿಂಗ ಕಟ್ಟಿಕೊಂಡು ಯಾರದೋ ಸೈಕಲ್ಲಿನ ಹಿಂದೆ ಕೂತು ಹಸೆಮಣೆಗೆ ಬಂದ. ಬೀಗರು ಜಗಳಕ್ಕೆ ಬಂದರೆ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಎರಡು ನಿಮಿಷಕ್ಕ ಬಸ್ಸು ಹಳ್ಳ ದಾಟತೈತ್ರಿ. ನಿಮ್ಮ ಹುಡುಗ ಒಬ್ಬನ ಸಲುವಾಗಿ ಹಳ್ಳ ಹಿಂದಕ್ಕ ಸರಿಯಂಗಿಲ್ಲ."

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಎಲ್ಲ ಹೊತ್ತಿನಲ್ಲೂ ಹೀಗೇ ಇದ್ದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ. ಆದರೆ ಸಂಜೆ ಗುಮ್ಮಘಟ್ಟದ ಕಡೆ ನಮ್ಮ ಹಳ್ಳಿಗೆ ಬರುವ ಕೊನೆಯ ಬಸ್ಸಿನಲ್ಲಿ ನೋಡಬೇಕಿತ್ತು ಇವನ ಅವತಾರ! ಸಂತೆ ಮುಗಿಸಿ ನಾವೆಲ್ಲ ಹಸಿದು ಕೂತಿರುತ್ತಿದ್ದೆವು. ದಾರಿಯ ತಿರುವಿನಲ್ಲಿ ಒಂದು ಸೀಟಿ. ಬಸ್ಸು ನಿಲ್ಲುತ್ತಿತ್ತು. ದೂರದ ಹೊಲದ ಬದುವಿನ ಮೇಲೆ ಯಾವುದೋ ಮುದುಕಿ ಗಂಟು ಹೊತ್ತು ತೇಲಿದಂತೆ ಬರುತ್ತಿದ್ದಳು. ಅವಳು ಬಂದು ಹತ್ತುವವರೆಗೂ ಬಸ್ಸು ಅಲ್ಲೇ. ಎಲ್ಲರೂ ಬಯ್ಯುತ್ತಿದ್ದರು. ನಾನು ಸಣ್ಣವಳು, ನಾನೂ ಬಯ್ಯುತ್ತಿದ್ದೆ. ಚಿಕ್ಕಪ್ಪ ಅಡಿಕೆ ಅಗಿಯುತ್ತಾ, "ಲಾಸ್ಟ್ ಬಸ್ಸಿಗೆ ಟೈಮ್ ಇರಂಗಿಲ್ಲ, ಸುಮ್ಕ ಕುಂದರ್ರಿ" ಎನ್ನುತ್ತಿದ್ದ. ಮದುಮಗನಿಗೆ ಸಿಗದ ಎರಡು ನಿಮಿಷ ಮುದುಕಿಗೆ ಹೇಗೆ ಸಿಗುತ್ತಿತ್ತು? ಇದ್ಯಾವ ಸೀಮೆಯ ನ್ಯಾಯ? ಹಸಿದ ಹೊಟ್ಟೆಗೆ ಉತ್ತರ ಹೊಳೆಯಲಿಲ್ಲ, ಬಿಟ್ಟೆ.

ಇರಲಿ, ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ನಮ್ಮಲ್ಲಿ ಶೇಂಗಾ ಕಿತ್ತು ಒಣಗಿಸಿ ಮಾರಿದ ಮೇಲೆ ಬೆಟ್ಟದ ಕೆಳಗಿನ ಬಯಲಿನಲ್ಲಿ ಪದದ ಹಬ್ಬ ಎಂದು ಮಾಡುತ್ತಾರೆ. ಸುತ್ತಲ ಹಳ್ಳಿಗಳ ಭಜನೆ ಮೇಳಗಳು ಬರುತ್ತವೆ. ಮಡಕಶಿರ, ಅಗಳಿ ಕಡೆಯಿಂದಲೂ ಬಸ್ಸು ಬದಲಾಯಿಸಿಕೊಂಡು ಬರುತ್ತಾರೆ. ಹಾರ್ಮೋನಿಯಂ, ದಮ್ಮಡಿ, ತಾಳ, ಏಕತಾರಿ. ಕನ್ನಡದ ಪದ ಮುಗಿದರೆ ತೆಲುಗಿನದು, ಅದು ಮುಗಿದರೆ ಮತ್ತೆ ಕನ್ನಡದ್ದು. ಬೆಳಿಗ್ಗೆ ಶುರುವಾದರೆ ಹೊತ್ತು ಮುಳುಗುವವರೆಗೆ. ಬಿಸಿಲಲ್ಲೇ ಕಂಬಳಿ ಹಾಸಿಕೊಂಡು ಕೂರುವುದು, ಅನ್ನ ಸಾರು ಉಣ್ಣುವುದು, ಕೇಳುವುದು. ಯಾರಿಗೂ ಬಹುಮಾನ ಇಲ್ಲ, ಯಾರಿಗೂ ಸೋಲಿಲ್ಲ. ಎಂಥ ಒಳ್ಳೆಯ ಹಬ್ಬ!

ಇಂಥ ಹಬ್ಬಕ್ಕೆ, ರಿಟೈರ್ ಆಗಿ ಕೈಗೆ ಕೆಲಸವಿಲ್ಲದೆ ಊರಿನ ಮೇಲೆ ಬಿದ್ದಿದ್ದ ಚಿಕ್ಕಪ್ಪನನ್ನು ಕಾರ್ಯಕರ್ತರ ಮುಖ್ಯಸ್ಥನನ್ನಾಗಿ ಮಾಡಿದರು. ಯಾರು ಮಾಡಿದರು ಎಂದು ಈಗ ಕೇಳಿದರೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಮೊದಲ ವರ್ಷವೇ ಬಯಲು ಬಸ್ ಸ್ಟ್ಯಾಂಡ್ ಆಯಿತು. ಸುಣ್ಣದಲ್ಲಿ ಗೆರೆ ಎಳೆಸಿ ಪ್ಲಾಟ್‌ಫಾರಂ ಮಾಡಿಸಿದ. ಹಾಡಲು ಬಂದ ಮೇಳ ತನ್ನ ಪ್ಲಾಟ್‌ಫಾರಂನಲ್ಲೇ ನಿಂತಿರಬೇಕು. ಮೈಕು ಹಿಡಿದು, "ಪ್ರಯಾಣಿಕುಲಕು ವಿಜ್ಞಪ್ತಿ" ಎಂದು ತೆಲುಗಿನಲ್ಲಿ ಶುರು ಮಾಡಿ, "ಗುಮ್ಮಘಟ್ಟದ ಮ್ಯಾಳ ಎರಡನೇ ಪ್ಲಾಟ್‌ಫಾರಂನಾಗ ರೆಡಿ ಐತೆ" ಎಂದು ಕನ್ನಡದಲ್ಲಿ ಮುಗಿಸುತ್ತಿದ್ದ. ಏಕತಾರಿ ಹಿಡಿದ ಅಜ್ಜಂದಿರು ಟಿಕೆಟ್ ಎಲ್ಲಿ ಕೊಡುತ್ತಾರೆ ಎಂದು ನನ್ನನ್ನು ಕೇಳಿದರು. ಒಂದು ಮೇಳಕ್ಕೆ ಹದಿನೈದು ನಿಮಿಷ. ಎರಡು ಸೀಟಿಗೆ ಪದ ಶುರು. ಒಂದು ಸೀಟಿಗೆ ಪದ ಬಂದ್.

ಕಾರ್ಯಕರ್ತರಿಗೆ ಯೂನಿಫಾರಂ ಬೇಡವೇ? ರಾಯದುರ್ಗದಲ್ಲಿ ಮನೆಮನೆಗೂ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ, ಚಿಕ್ಕಮ್ಮನೂ ಹೊಲಿಯುತ್ತಾಳೆ. ಉಳಿದ ತುಂಡುಗಳನ್ನೆಲ್ಲ ಕೂಡಿಸಿ ಅವಳ ಕೈಲಿ ನಮಗೆ ತೋಳಿಲ್ಲದ ಕೋಟು ಹೊಲಿಸಿದ. ನಮ್ಮ ಸೀಮೆಯ ಬಿಸಿಲಿಗೆ ಜೀನ್ಸ್ ಕೋಟು! ಎಂಥ ದಪ್ಪ ಎಂದರೆ ಬಿಚ್ಚಿಟ್ಟರೂ ನಿಂತುಕೊಳ್ಳುತ್ತಿತ್ತು. ನೀರು ಕೊಡುವ ಕೆಲಸ ನನ್ನದು. ಜನಕ್ಕೆ ಕೊಟ್ಟಷ್ಟೇ ನೀರನ್ನು ನಾನೂ ಕುಡಿದೆ. "ಚಿಕ್ಕಪ್ಪ, ಇದನ್ನ ಹಾಕ್ಕಂಡು ಮನುಷ್ಯಾರು ಬದುಕಾಕ ಆಗಂಗಿಲ್ಲ" ಎಂದರೆ, "ಡ್ಯೂಟಿ ಮಾಡಾಕ ಬಂದೀಯೋ, ಬದುಕಾಕ ಬಂದೀಯೋ?" ಎಂದು ಕೇಳಿದ.

ಮಡಕಶಿರದ ಮೇಳದವರು ಒಮ್ಮೆ ಬರುವುದು ತಡವಾಯಿತು. ಓಡೋಡಿ ಬಂದರು ಪಾಪ, ಹಾರ್ಮೋನಿಯಂ ತಲೆಯ ಮೇಲೆ. ಅವರ ಹಿರಿಯ ಏದುಸಿರು ಬಿಡುತ್ತಾ, "ಅಣ್ಣಾ, ಪಾವಗಡದತ್ರ ಬಸ್ಸು ಪಂಚರಾಗೋಯ್ತು ಕಣಣ್ಣಾ. ನಾವೇನ್ ಮಾಡಾನ ಹೇಳು?" ಎಂದ.

"ನಿಮ್ಮ ಸರ್ವಿಸ್ ಕ್ಯಾನ್ಸಲ್ ಆಗೈತ್ರಿ" ಎಂದ ಚಿಕ್ಕಪ್ಪ.

"ಪದ ಹೇಳಾಕೆ ಬಂದ್ರೆ ಸರ್ವಿಸ್ ಗಿರ್ವಿಸ್ ಅಂತೀಯಲ್ಲ, ನೀನೇನು ಮನ್ಸನಾ ಡಿಪೋನಾ?"

ನನಗೆ ಆ ಹಿರಿಯನ ಕಾಲಿಗೆ ಬೀಳಬೇಕೆನ್ನಿಸಿತು. ಎಷ್ಟು ವರ್ಷದಿಂದ ನಾನು ಹುಡುಕುತ್ತಿದ್ದ ಮಾತನ್ನು ಮಡಕಶಿರದಿಂದ ಬಂದವನು ಒಂದೇ ಏಟಿಗೆ ಹೇಳಿಬಿಟ್ಟ. ಕೊನೆಗೆ ಬೇರೆ ಮೇಳದವರು ತಮ್ಮ ಹೊತ್ತಿನಲ್ಲಿ ಅರ್ಧ ಬಿಟ್ಟುಕೊಟ್ಟು ಅವರನ್ನು ಹಾಡಿಸಿದರು.

ಸಣ್ಣವರಿಗೆ ಒಂದು, ದೊಡ್ಡವರಿಗೆ ಒಂದು ಎನ್ನುವ ಭೇದ ಅವನಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಒಬ್ಬ ದೊಡ್ಡ ಮನುಷ್ಯರು, ಯಾರೆಂದು ಕೇಳಬೇಡಿ, ಭಾಷಣಕ್ಕೆ ನಿಂತರು. ಸಂಗೀತ ಎಂದರೇನು ಎಂದು ಹೇಳಲು ಶುರು ಮಾಡಿದರು. ಹಾಡುವವರು ಕೆಳಗೆ ಕಾಯುತ್ತಿದ್ದರು. ಒಂದು ಸೀಟಿ! ಅವರು ಕೈ ಎತ್ತಿ, "ರೆಂಡು ನಿಮಿಷಾಲು", ಎರಡೇ ನಿಮಿಷ, ಎಂದರು. ಮತ್ತೊಂದು ಸೀಟಿ. ಅವರ ಹಿಂದಿದ್ದ ಹುಡುಗರು ಎದ್ದು ನಿಂತರು, ಚಿಕ್ಕಪ್ಪ ಅಲುಗಲಿಲ್ಲ. ಕೊನೆಗೆ ದೊಡ್ಡ ಮನುಷ್ಯರೇ ಕೂತರು. ಅವತ್ತು ಜನ ಹೊಡೆದ ಚಪ್ಪಾಳೆ ಯಾವ ಪದಕ್ಕೂ ಬಿದ್ದಿರಲಿಲ್ಲ. ಅವತ್ತೊಂದು ದಿನ ನನಗೂ ಅವನ ಮೇಲೆ ಪ್ರೀತಿ ಬಂತು. ಅದು ಆ ದಿನಕ್ಕೇ ಮುಗಿಯಿತು.

ಮರುವರ್ಷ ನಮ್ಮಪ್ಪನ ಮೇಳ ಬಂತು.

ನಮ್ಮಪ್ಪ ಕುರಿ ಕಾಯುವವನು, ಪದ ಹೇಳುವವನು. ಎರಡನ್ನೂ ತಾತನಿಂದ ಕಲಿತದ್ದು. ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಕುರಿಯ ಹಿಂದೆ ನಡೆಯುತ್ತಾ ಕಟ್ಟಿದ ಪದ ಒಂದಿದೆ. ಅದನ್ನು ನಮ್ಮ ಹಳ್ಳಿಯ ಮೇಳದಲ್ಲಿ ನಮ್ಮಪ್ಪನೇ ಹೇಳಬೇಕು.

"ಹೊತ್ತು ಹೋದರೆ ಹೋಗಲಿ, ಕುರಿ ದಾರಿ ತಪ್ಪದಿರಲಿ" ಎಂದು ಅದರ ಪಲ್ಲವಿ. ನುಡಿಯೊಂದೊಂದೂ ನಿಧಾನ. ಅವಸರದಲ್ಲಿ ಹೇಳುವ ಪದವೇ ಅಲ್ಲ ಅದು. ಕೊನೆಯ ನುಡಿಯಲ್ಲಿ ತಾತ ತನ್ನ ಗುರುವಿನ ಹೆಸರಿಟ್ಟು ಅಂಕಿತ ಹಾಕಿದ್ದಾನೆ. ಪದ ಹೇಳುವವರಿಗೆ ಅಂಕಿತ ಎಂದರೆ ಏನು ಎಂಬುದು ಬೇರೆಯವರಿಗೆ ತಿಳಿಯುವುದು ಕಷ್ಟ. ಅಂಕಿತ ಹೇಳದೆ ಪದ ಬಿಟ್ಟರೆ, ಗುರುವನ್ನು ಕರೆದು ಎಲೆಯ ಮುಂದೆ ಕೂರಿಸಿ, ಬಡಿಸದೆ ಎಬ್ಬಿಸಿ ಕಳಿಸಿದ ಹಾಗೆ. ಮುರಿದ ಪದ ಮುರಿದ ಜಾಗದಲ್ಲೇ ಕೂಡಬೇಕು, ಅಲ್ಲಿಯವರೆಗೆ ಬೇರೆ ಪದಕ್ಕೆ ಬಾಯಿ ತೆರೆಯಬಾರದು ಎನ್ನುವುದು ನಮ್ಮ ಮೇಳಗಳ ಕಟ್ಟು.

ಅವತ್ತು ಅಪ್ಪ ಮೈಮರೆತು ಹೇಳುತ್ತಿದ್ದ. ಜನವೂ ಮೈಮರೆತಿತ್ತು. ನಾನು ನೀರಿನ ಡ್ರಮ್ಮಿನ ಪಕ್ಕ ಲೋಟ ಹಿಡಿದು ಹಾಗೇ ನಿಂತಿದ್ದೆ. ಕೊನೆಯ ನುಡಿ ಬಂತು.

"ಹಿಂದುಳಿದ ಮರಿಯೊಂದು ಹಳ್ಳದಾಚೆ ಕೂಗಿತ್ತ..."

ಒಂದು ಸೀಟಿ.

ಇನ್ನೊಂದೇ ಸಾಲು ಇತ್ತು! ಅಂಕಿತದ ಸಾಲು. ಮೇಳದವರ ಕೈ ತಾಳದ ಮೇಲೆ ನಿಂತಿತು. ಅಪ್ಪ ಕಣ್ಣು ತೆರೆದು ತಮ್ಮನನ್ನು ನೋಡಿದ. ತಮ್ಮ ಗಡಿಯಾರ ನೋಡುತ್ತಿದ್ದ. ಹಾರ್ಮೋನಿಯಂ ಅಜ್ಜ, "ಎರಡು ನಿಮಿಷ ಬಿಡೋ, ನಿಮ್ಮಪ್ಪನ ಪದ ಅಲ್ಲೇನೋ ಅದು" ಎಂದ. ಚಿಕ್ಕಪ್ಪ, "ನಮ್ಮಣ್ಣ ಅಂತ ಬಿಟ್ಟರ ಮಂದಿಗೆ ಏನು ಹೇಳಲಿ?" ಎಂದ. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಇಳಿದು ನೇರ ಆಟೋ ಹತ್ತಿ ಊರಿಗೆ ಹೋದ.

ನಾನು ಜೀನ್ಸ್ ಕೋಟನ್ನು ಬಿಚ್ಚಿ ಚಿಕ್ಕಪ್ಪನ ಕಾಲ ಬಳಿ ಎಸೆದೆ. ಅದು ಅಲ್ಲೂ ನಿಂತುಕೊಂಡಿತು.

ಅಂದಿನಿಂದ ಅಣ್ಣ ತಮ್ಮಂದಿರ ಮಾತು ನಿಂತಿತು. ಅದು ದೊಡ್ಡದಲ್ಲ, ನಮ್ಮ ಮನೆತನದಲ್ಲಿ ಮಾತು ನಿಲ್ಲುವುದು, ಶುರುವಾಗುವುದು ನಡೆದೇ ಇರುತ್ತದೆ. ಆದರೆ ಅಪ್ಪನ ಪದವೂ ನಿಂತಿತು. ಕುರಿಯ ಹಿಂದೆ ಹೋಗುವಾಗ ಹೇಳುತ್ತಿದ್ದವನು ಸುಮ್ಮನೆ ಹೋದ, ಸುಮ್ಮನೆ ಬಂದ. ಮೂರು ವರ್ಷ ಹೀಗೇ ಕಳೆಯಿತು. ಚಿಕ್ಕಮ್ಮ ನಮ್ಮವ್ವನಿಗೆ ಹಬ್ಬಹಬ್ಬಕ್ಕೂ ಶೇಂಗಾ ಹೋಳಿಗೆ ಕಳಿಸುತ್ತಿದ್ದಳು, ಅವ್ವ ಬದಲಿಗೆ ತುಪ್ಪ ಕಳಿಸುತ್ತಿದ್ದಳು. ಹೆಂಗಸರು ಡಬ್ಬಿಗಳಲ್ಲಿ ಮಾತಾಡಿದರು, ಗಂಡಸರು ಬಿಗಿದುಕೊಂಡೇ ಇದ್ದರು.

ಕಳೆದ ವರ್ಷ ನನಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಜನ. ನಮ್ಮಲ್ಲಿ ಮೊದಲ ಜೋಗುಳ ಹೇಳುವುದು ಕೂಸಿನ ತಾತ. ನನ್ನ ತೊಟ್ಟಿಲಿಗೂ ತಾತನೇ ಹೇಳಿದ್ದನಂತೆ. ಅಪ್ಪ ತೊಟ್ಟಿಲ ಹಗ್ಗ ಹಿಡಿದ. ಬಾಯಿ ತೆರೆದ. ಮತ್ತೆ ಮುಚ್ಚಿದ. ಹಗ್ಗವನ್ನು ಬಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತೊಟ್ಟಿಲು ಜೋಗುಳವಿಲ್ಲದೆ ತೂಗಿತು. ಚಿಕ್ಕಪ್ಪ ಬಾಗಿಲ ಬಳಿ ಕೂಸಿನ ಬೆಳ್ಳಿ ಉಡಿದಾರ ಹಿಡಿದು ನಿಂತು ಎಲ್ಲವನ್ನೂ ನೋಡಿದ. ಉಡಿದಾರ ನನ್ನ ಕೈಗೆ ಕೊಟ್ಟು, ಊಟಕ್ಕೂ ನಿಲ್ಲದೆ ಹೋದ. ನನಗೆ ಮೈಯೆಲ್ಲ ಉರಿಯಿತು. ಉಡಿದಾರ ಯಾರಿಗೆ ಬೇಕಿತ್ತು? ನನ್ನ ಮಗಳ ಜೋಗುಳ ನುಂಗಿದ ಸೀಟಿ ಅವನ ಕೊರಳಲ್ಲೇ ನೇತಾಡುತ್ತಿತ್ತಲ್ಲ!

ಈ ವರ್ಷ ಹಬ್ಬ ಹತ್ತಿರ ಬಂದಾಗ ಅಪ್ಪ ಒಂದು ದಿನ ಇದ್ದಕ್ಕಿದ್ದಂತೆ, "ಈ ಸಲ ನಾನೂ ಬರ್ತೀನಿ. ಅದೇ ಪದ ಹೇಳ್ತೀನಿ. ಮೊದಲಿಂದ, ನಿಧಾನಕ್ಕ. ಊದಲಿ ಅವನು, ಎಷ್ಟು ಊದ್ತಾನ ನೋಡಾಣ" ಎಂದ. ಇದು ಹಾಡಲು ಹೊರಟವನ ಮಾತೋ, ಕುಸ್ತಿಗೆ ಹೊರಟವನ ಮಾತೋ? ಏನಾದರಾಗಲಿ, ಬಾಯಿ ಬಿಟ್ಟನಲ್ಲ ಎಂದು ಮೇಳದವರು ದಮ್ಮಡಿಗೆ ಹೊಸ ಚರ್ಮ ಹಾಕಿಸಿದರು.

ನಾನು ರಾಯದುರ್ಗಕ್ಕೆ ಬಂದು ಚಿಕ್ಕಪ್ಪನಿಗೆ ಹೇಳಿದೆ. "ಅಪ್ಪ ಬರ್ತಾನಂತೆ. ಬೆಳಿಗ್ಗೆ ಮೊದಲನೇ ಮ್ಯಾಳ ಅವನದೇ ಮಾಡು. ಜನ ಇರ್ತಾರ, ಗಂಟಲೂ ಚಂದ ಇರತೈತೆ."

ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ. ಸೀಟಿಯನ್ನು ಅಂಗಿಯ ಅಂಚಿನಿಂದ ಒರೆಸುತ್ತಾ, "ಅಣ್ಣಂದು ಲಾಸ್ಟ್" ಎಂದ.

"ಲಾಸ್ಟ್ ಅಂದ್ರ?"

"ಎಲ್ಲಾರದ್ದು ಆದ ಮ್ಯಾಲೆ."

ಅಲ್ಲೇ ನನ್ನ ನೆತ್ತಿಗೇರಿತು. ಕೊನೆಯ ಮೇಳ ಎಂದರೆ ಏನು ಗೊತ್ತೇ? ಆ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ದೂರದ ಊರಿನವರು ಬಸ್ಸಿಗೆ ಓಡುತ್ತಿರುತ್ತಾರೆ. ಕಂಬಳಿ ಕೊಡವುವ ಧೂಳು ಹಾಡುವವರ ಬಾಯಿಗೇ ಹೋಗುತ್ತದೆ. ಅದೂ ಅಲ್ಲದೆ ಹೊತ್ತು ಮುಳುಗಿದ ಮೇಲೆ ಮೈಕು ಹಾಕುವ ಹಾಗಿಲ್ಲ ಎಂದು ಪೊಲೀಸರು ಹೇಳಿರುತ್ತಾರೆ. ಹಿರಿಯಣ್ಣನನ್ನು ಅಂಥ ಹೊತ್ತಿಗೆ ನಿಲ್ಲಿಸುವುದೇ? ನಾನು ಬಾಯಿಗೆ ಬಂದಂತೆ ಬಯ್ದೆ. ನಿನಗೆ ಅಣ್ಣ ಇಲ್ಲ, ಅಪ್ಪ ಇಲ್ಲ, ಗುರು ಇಲ್ಲ, ಗಡಿಯಾರ ಒಂದೇ ಇರುವುದು ಎಂದೆ. ಅದನ್ನೇ ಕಟ್ಟಿಕೊಂಡು ಸಾಯಿ ಎಂದೂ ಅಂದೆ. ಒಳಗೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು, ಚಿಕ್ಕಮ್ಮ ಹೊರಗೆ ಬಂದಳು. ಚಿಕ್ಕಪ್ಪ ಮಾತ್ರ ಒಂದು ಮಾತಿಗೂ ಎದುರಾಡಲಿಲ್ಲ. ಜಗಳದಲ್ಲಿ ಎದುರಿನವರು ಸುಮ್ಮನಿದ್ದರೆ ಎಷ್ಟು ಕಷ್ಟ! ಬಯ್ದು ಬಯ್ದು ನನಗೇ ಬಾಯಾರಿತು. ಅವನೇ ಒಂದು ಚೊಂಬು ನೀರು ತಂದುಕೊಟ್ಟ. ಕುಡಿದು ಮತ್ತೆ ಬಯ್ದೆ.

ಹಬ್ಬದ ದಿನ ಬಂತು. ನಾನು ಕೋಟು ಹಾಕಿಕೊಳ್ಳಲಿಲ್ಲ, ನೀರು ಮಾತ್ರ ಕೊಟ್ಟೆ. ಅವ್ವ ಕೂಸನ್ನು ಎತ್ತಿಕೊಂಡು ಮುಂದೆ ಕೂತಿದ್ದಳು. ಚಿಕ್ಕಪ್ಪ ಅವತ್ತು ಯಾವತ್ತಿಗಿಂತ ಕಟುಕನಾಗಿದ್ದ. ಒಂದು ಮೇಳವನ್ನೂ ಒಂದು ನಿಮಿಷ ಹೆಚ್ಚಿಗೆ ಬಿಡಲಿಲ್ಲ. ಮಡಕಶಿರದವರು ಈ ಸಲ ಮುಂಚಿತವಾಗಿಯೇ ಬಂದು ಪ್ಲಾಟ್‌ಫಾರಂನಲ್ಲಿ ಮಲಗಿ ಎದ್ದಿದ್ದರು. ಹಾಡಿ ಇಳಿದ ಮೇಲೆ ಅವರ ಹಿರಿಯ, "ಏನ್ ಡಿಪೋ ಸಾವ್ಕಾರ್ರೆ, ಟೈಮಿಗೆ ಬಂದ್ವಾ?" ಎಂದು ಕೇಳಿದ. ಚಿಕ್ಕಪ್ಪ ನಗಲಿಲ್ಲ.

ಬಿಸಿಲು ಬೆಟ್ಟದ ನೆತ್ತಿಗೆ ಏರಿ ಬಯಲಿನಲ್ಲಿ ನೆರಳು ಬಿದ್ದಾಗ ಅಪ್ಪನ ಮೇಳ ಹತ್ತಿತು. ನಾನು ಹೇಳಿದ್ದೇ ಆಯಿತು, ಜನ ಏಳುತ್ತಿದ್ದರು, ಕಂಬಳಿ ಕೊಡವುತ್ತಿದ್ದರು. ಎರಡು ಸೀಟಿ ಬಿತ್ತು. ಅಪ್ಪ ಶುರು ಮಾಡಿದ. ಮೂರು ವರ್ಷ ಬಾಯಿ ಕಟ್ಟಿದ್ದ ಗಂಟಲು, ಮೊದಲು ಗೊರಗೊರ ಎಂದಿತು. ಆಮೇಲೆ ಬಿಟ್ಟುಕೊಂಡಿತು. "ಹೊತ್ತು ಹೋದರೆ ಹೋಗಲಿ" ಎಂದು ಹಿಡಿದವನು ಅದನ್ನು ಎಳೆದ ಎಳೆದ, ಹಠಕ್ಕೇ ಎಳೆದ. ಎದ್ದವರು ಒಬ್ಬೊಬ್ಬರೇ ಅಲ್ಲಲ್ಲೇ ಕೂತರು. ಮಡಕಶಿರದ ಹಿರಿಯ ಬಸ್ಸಿಗೆ ಹೊರಟವನು ಹಾರ್ಮೋನಿಯಂ ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟ.

ಕೊನೆಯ ನುಡಿಗೆ ಬರುವಷ್ಟರಲ್ಲಿ ಹದಿನೈದು ನಿಮಿಷ ಯಾವಾಗಲೋ ಆಗಿತ್ತು. ಸೀಟಿ ಯಾಕೆ ಇನ್ನೂ ಬಿದ್ದಿಲ್ಲ ಎಂದು ನಾನು ತಿರುಗಿದೆ. ಚಿಕ್ಕಪ್ಪ ವೇದಿಕೆಯ ಪಕ್ಕ ನಿಂತಿದ್ದ. ಸೀಟಿ ತುಟಿಯಲ್ಲೇ ಇತ್ತು.

"ಹಿಂದುಳಿದ ಮರಿಯೊಂದು ಹಳ್ಳದಾಚೆ ಕೂಗಿತ್ತ..."

ಅಪ್ಪ ಅಲ್ಲಿಗೆ ನಿಲ್ಲಿಸಿದ. ಬೇಕೆಂದೇ ನಿಲ್ಲಿಸಿದ. ಮೂರು ವರ್ಷದ ಹಿಂದೆ ಎಲ್ಲಿ ಮುರಿದಿತ್ತೋ ಅಲ್ಲಿಗೇ ತಂದು ನಿಲ್ಲಿಸಿ, ತಮ್ಮನನ್ನು ನೋಡಿದ. ಊದು ಈಗ, ಎನ್ನುವ ನೋಟ. ತಾಳದವರೂ ಉಸಿರು ಹಿಡಿದರು. ಹೊತ್ತು ಮುಳುಗಿತ್ತು. ಅದೇ ಹೊತ್ತಿಗೆ ಒಬ್ಬ ಪೊಲೀಸು ಲಾಠಿ ತಟ್ಟುತ್ತಾ ಮೈಕಿನವನ ಕಡೆಗೆ ನಡೆದ. ನನ್ನ ಕೈಯಲ್ಲಿದ್ದ ಲೋಟ ಗಟ್ಟಿಯಾಗಿ ಹಿಡಿದುಕೊಂಡೆ. ಒಂದು ಸೀಟಿ ಬಿದ್ದರೆ ಅದೇ ಲೋಟವನ್ನು ಅವನ ತಲೆಗೆ ಎಸೆಯುವುದೆಂದು ನಿಶ್ಚಯವಾಗಿತ್ತು.

ಸೀಟಿ ಬಿತ್ತು. ಹಿಂದೆಯೇ ಇನ್ನೊಂದೂ ಬಿತ್ತು.

ಎರಡು ಸೀಟಿ. ರೈಟ್ ರೈಟ್.

ಅಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಹಾರ್ಮೋನಿಯಂ ಅಜ್ಜನಿಗೆ ಆಯಿತು, ಶ್ರುತಿ ಹಿಡಿದ. ನಾನು ನೋಡುತ್ತಿದ್ದದ್ದು ಚಿಕ್ಕಪ್ಪನನ್ನು. ಅವನು ಆಗಲೇ ಓಡಿಹೋಗಿ ಪೊಲೀಸಿಗೆ ಅಡ್ಡ ನಿಂತಿದ್ದ. ಎರಡೂ ಕೈ ಜೋಡಿಸಿದ್ದ. ಮದುಮಗನನ್ನು ದಾರಿಯಲ್ಲಿ ಬಿಟ್ಟುಬಂದವನು, ದೊಡ್ಡ ಮನುಷ್ಯರನ್ನೇ ಕೂರಿಸಿದವನು, ಅವರಾರಿಗೂ ಕೊಡದೇ ಇದ್ದದ್ದನ್ನು ಆ ಮೊಮ್ಮಗನ ವಯಸ್ಸಿನ ಪೊಲೀಸಿನ ಹತ್ತಿರ ಬೇಡುತ್ತಿದ್ದ.

"ರೆಂಡು ನಿಮಿಷಾಲು ಸಾರ್. ರೆಂಡೇ ನಿಮಿಷಾಲು."

ಹಿಂದಿನಿಂದ ಅಪ್ಪನ ದನಿ ಎದ್ದಿತು.

"ಕತ್ತಲೆನ್ನದೆ ಹೋಗಿ ಹೆಗಲ ಮ್ಯಾಲೆ ತಂದಾನ, ನಮ್ಮ ಕಣಿವೀ ಗುರುವಯ್ಯ."

ಅಂಕಿತ ಆಯಿತು. ಅಪ್ಪ ಅದನ್ನು ಮತ್ತೆ ಹೇಳಿದ, ಮತ್ತೂ ಹೇಳಿದ. ಪೊಲೀಸು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ.

ಅಪ್ಪ ಇಳಿದು ಬಂದ. ಚಿಕ್ಕಪ್ಪ ಅಲ್ಲೇ ತಲೆ ತಗ್ಗಿಸಿ ನಿಂತಿದ್ದ, ಜೀನ್ಸ್ ಕೋಟಿನಲ್ಲಿ ಬೆವರಿ ತೊಪ್ಪೆಯಾಗಿ. ಅಪ್ಪ ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು, "ಲೇಟಾತೇನೋ?" ಎಂಬುದು.

ಚಿಕ್ಕಪ್ಪ ಗಡಿಯಾರ ನೋಡಲಿಲ್ಲ. "ಲಾಸ್ಟ್ ಬಸ್ಸಿಗೆ ಟೈಮ್ ಇರಂಗಿಲ್ಲಣ್ಣ" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಮೊದಲನೇದು ಮಾಡಿದ್ರ ಊದಬೇಕಾಗ್ತಿತ್ತು. ಅದಕ್ಕ ಲಾಸ್ಟಿಗೆ ಇಟ್ಟೆ. ಹಿಂದ ಇನ್ನ್ಯಾರೂ ಇರಂಗಿಲ್ಲಲ್ಲ" ಎಂದ.

ನಾನು ನೀರಿನ ಡ್ರಮ್ಮಿಗೆ ಒರಗಿ ನಿಂತು ಅತ್ತುಬಿಟ್ಟೆ. ಹೊಲದ ಬದುವಿನ ಮೇಲೆ ಬರುತ್ತಿದ್ದ ಆ ಮುದುಕಿಯರು ನೆನಪಾದರು. ಒಂದು ಮಾತು ಮೊದಲೇ ಹೇಳಿದ್ದರೆ ನಾನು ಅಷ್ಟು ಬಯ್ಯುತ್ತಿದ್ದೆನೇ? ಅದಕ್ಕೂ ಸಿಟ್ಟು ಬಂತು. 

ಅಪ್ಪ ಮೂಗು ಒರೆಸಿಕೊಂಡು, "ಕೂಸೆಲ್ಲೈತವ್ವ? ಕೊಡಿಲ್ಲಿ" ಎಂದ. ಅವ್ವನ ಕೈಯಿಂದ ನನ್ನ ಮಗಳನ್ನು ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಒಂದು ವರ್ಷದ ಕೂಸು ಈಗ ತೊಟ್ಟಿಲಿನಲ್ಲಿ ಹಿಡಿಸುವುದೂ ಇಲ್ಲ. ಆದರೂ ಆ ಬಯಲಿನಲ್ಲಿ, ಸುಣ್ಣದ ಗೆರೆಗಳ ನಡುವೆ ನಿಂತು, ಮೈಕಿಲ್ಲದೆ ಜೋಗುಳ ಶುರು ಮಾಡಿದ. ಕೂಸು ಕೈ ಚಾಚಿ ಚಿಕ್ಕಪ್ಪನ ಕೊರಳಿನ ಸೀಟಿಯನ್ನು ಹಿಡಿದು ಬಾಯಿಗೆ ಇಟ್ಟುಕೊಂಡಿತು. ಅವನು ಬಿಡಿಸಿಕೊಳ್ಳಲಿಲ್ಲ, ದಾರ ಸಾಲದ್ದಕ್ಕೆ ಹತ್ತಿರ ಬಂದು ಬಗ್ಗಿ ನಿಂತುಕೊಂಡ. ಜೋಗುಳ ಮುಗಿಯುವವರೆಗೂ ಹಾಗೇ ಬಗ್ಗಿ ನಿಂತಿದ್ದ. ಎಷ್ಟು ಹೊತ್ತಾಯಿತೆಂದು ಯಾರೂ ನೋಡಲಿಲ್ಲ, ಅವನೂ ನೋಡಲಿಲ್ಲ.